ಕಡತರಾಯರು ಮೇಲ್ ಖಾಲಿ ಮಾಡಿದ್ದು

ಬೆಳಗ್ಗೆ ಹತ್ತೂಕಾಲಿಗೆ ಕಡತರಾಯರಿಗೆ ಕೇಂದ್ರ ಕಚೇರಿಯಿಂದ ಫೋನು ಬಂತು.

"ನಿಮ್ಮ ವರ್ಗಾವಣೆ ಆದೇಶ ಮೂರು ಸಲ ಕಳಿಸಿದ್ವಿ ಸ್ವಾಮಿ, ಮೂರು ಸಲಾನೂ ವಾಪಸ್ ಬಂತು. ನಿಮ್ಮ ಮೇಲ್‌ಬಾಕ್ಸ್ ತುಂಬಿದೆಯಂತೆ. ಸಂಜೆ ಐದರೊಳಗೆ ಖಾಲಿ ಮಾಡ್ಕೊಳ್ಳಿ. ಈ ವರ್ಷದ ವರ್ಗಾವಣೆಗೆ ಇವತ್ತೇ ಕೊನೆ."

ಕಡತರಾಯ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ನೀರು ಸರಬರಾಜು ಕಚೇರಿಯ ಈ ಗುಮಾಸ್ತರು ಒಂದು ಚೀಟಿಯನ್ನೂ ಬಿಸಾಡದವರು; ಅದಕ್ಕೆ ಸಹೋದ್ಯೋಗಿಗಳು ಕೊಟ್ಟ ಬಿರುದು. ನೌಕರಿಗೆ ಸೇರಿದ ಹೊಸದರಲ್ಲಿ ಒಂದು ಪತ್ರ ಕಳೆದು ಬೈಸಿಕೊಂಡಿದ್ದರು, ಆ ಬಿಸಿ ಇನ್ನೂ ಆರಿರಲಿಲ್ಲ. ಹಾಗಾಗಿ ಹನ್ನೊಂದು ವರ್ಷದ ಒಂದೇ ಒಂದು ಮೇಲನ್ನೂ ಅಳಿಸಿರಲಿಲ್ಲ. ಸಾಲದ್ದಕ್ಕೆ ಆ ಕಚೇರಿಯಲ್ಲೊಂದು ಪದ್ಧತಿ ಬೇರೆ. ಸಾಹೇಬರು ದಿನಾ ಬೆಳಗ್ಗೆ ಎಲ್ಲರಿಗೂ ಒಂದು ಹೂವಿನ ಚಿತ್ರ ಕಳಿಸುವರು. ಹದಿನಾಲ್ಕು ಮಂದಿಯೂ ಅದೇ ಚಿತ್ರವನ್ನು ಲಗತ್ತಿಸಿ, 'ನೋಡಿದೆ ಸಾರ್, ಚೆನ್ನಾಗಿದೆ' ಎಂದು ಎಲ್ಲರಿಗೂ ಉತ್ತರಿಸುವರು.

ರಾಯರ ಹೆಂಡತಿ ನಾಲ್ಕು ಗಂಟೆ ದಾರಿಯ ಊರಿನಲ್ಲಿ ಟೀಚರು. ಮಗಳೂ ಅಲ್ಲೇ. ರಾಯರು ವರ್ಗಾವಣೆ ಕೇಳಿದ್ದೂ ಆ ಊರಿಗೇ. ನಾಲ್ಕು ವರ್ಷದಿಂದ ಅವರು ವಾರಕ್ಕೊಮ್ಮೆ ನೆಂಟರ ಹಾಗೆ ಸ್ವಂತ ಮನೆಗೆ ಹೋಗಿಬರುತ್ತಿದ್ದರು. ಕಳೆದ ಭಾನುವಾರ ಮಗಳು, "ಅಪ್ಪ, ನಿನ್ನ ಚಪ್ಪಲಿ ಇಲ್ಲೇ ಬಿಟ್ಟುಹೋಗು. ಬಾಗಿಲಲ್ಲಿ ಅದಿದ್ರೆ ನೀನೂ ಇದ್ದೀಯ ಅನ್ಸುತ್ತೆ" ಅಂದಿದ್ದಳು. ರಾಯರು ಚಪ್ಪಲಿ ಬಿಟ್ಟು, ಕಾಲು ಕಚ್ಚುವ ಬೂಟಿನಲ್ಲಿ ವಾಪಸಾಗಿದ್ದರು.

ಪಕ್ಕದ ಮೇಜಿನ ಟೈಪಿಸ್ಟ್ ಹುಡುಗಿಗೆ ವಿಷಯ ತಿಳಿಯಿತು. "ಎಲ್ಲಾ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿಬಿಡಿ ಅಣ್ಣ. ಎರಡು ನಿಮಿಷದ ಕೆಲಸ."

"ನಾಳೆ ಯಾರಾದ್ರೂ ಕೇಳಿದ್ರೆ?"

"ಕೇಳೋ ಹೊತ್ತಿಗೆ ನೀವೇ ಇಲ್ಲಿರಲ್ವಲ್ಲ."

ಮಾತೇನೋ ಸರಿಯೇ. ಆದರೆ ಕೈ ಬರಬೇಕಲ್ಲ. ಮೊದಲು ಎಲ್ಲವನ್ನೂ ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡು ಆಮೇಲೆ ಖಾಲಿ ಮಾಡುವುದೆಂದು ರಾಯರು ತೀರ್ಮಾನಿಸಿದರು. ಪರದೆಯ ಮೇಲೆ ಹಸಿರು ಗೆರೆ ಬಸವನಹುಳುವಿನ ಹಾಗೆ ತೆವಳತೊಡಗಿತು. ಮಧ್ಯಾಹ್ನ ಒಂದರ ಹೊತ್ತಿಗೆ ನೂರಕ್ಕೆ ಅರವತ್ತಮೂರು ಮುಗಿದಿತ್ತು. ಅಷ್ಟರಲ್ಲಿ ಪರದೆ ಕಪ್ಪಾಯಿತು.

ನಕ್ಷೆ ಬರೆಯುವ ಹಿರಿಯ ಡ್ರಾಫ್ಟ್ಸ್‌ಮನ್ ಮೇಜಿನ ಕೆಳಗಿಂದ ಎದ್ದು ನಿಂತರು, ಕೈಯಲ್ಲಿ ಟೀ ಕೆಟಲ್ಲಿನ ವೈರು. "ಯಾವುದೋ ಒಂದು ಪ್ಲಗ್ ಕಿತ್ತೆ ಕಣಪ್ಪ. ಯಾಕೆ ಮುಖ ಸಪ್ಪಗಾಯ್ತು? ತಡಿ, ಬಿಸಿ ಟೀ ಕೊಡ್ತೀನಿ."

ರಾಯರು ಮತ್ತೆ ಮೊದಲಿಂದ ಶುರುಮಾಡಿದರು. ಈ ಸಲ ಊಟ ಬಿಟ್ಟು, ಎಡಗಾಲಿನ ಬೂಟನ್ನು ಪ್ಲಗ್ಗಿಗೆ ಒತ್ತಿಹಿಡಿದು ಕಾವಲು ಕೂತರು. ಮೂರೂ ಐವತ್ತಕ್ಕೆ ಗೆರೆ ತುದಿ ಮುಟ್ಟಿತು. ರಾಯರು ಕಣ್ಣು ಮುಚ್ಚಿಕೊಂಡು ಡಿಲೀಟ್ ಒತ್ತಿದರು. ಮೇಲ್‌ಬಾಕ್ಸು ಬಾಡಿಗೆಯವರು ಬಿಟ್ಟುಹೋದ ಮನೆಯಂತೆ ಭಣಗುಟ್ಟಿತು. ರಾಯರಿಗೆ ಸಂತೋಷದಿಂದ ಕಣ್ಣು ಒದ್ದೆಯಾಯಿತು.

ಫೋನು ಮಾಡಿದರೆ, "ಟೀ ಮುಗಿಸಿ ಕಳಿಸ್ತೀವಿ" ಅಂದರು ಕೇಂದ್ರದವರು.

ಆ ಟೀ ಮುಗಿಯುವುದರೊಳಗೆ ಸಾಹೇಬರು ಓಡಿಬಂದರು. "ಮಾರ್ಕೆಟ್ ರಸ್ತೇಲಿ ದೊಡ್ಡ ಪೈಪು ಒಡೆದಿದೆ. ಅಂಗಡಿಗಳಿಗೆ ನೀರು ನುಗ್ತಿದೆ. ಮುಚ್ಚೋ ವಾಲ್ವು ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಏಳು ವರ್ಷದ ಕೆಳಗೆ ಹಳೇ ಇಂಜಿನಿಯರ್ ಎಲ್ಲರಿಗೂ ನಕ್ಷೆ ಕಳಿಸಿದ್ರಲ್ಲ, ಯಾರ ಹತ್ರ ಇದೆ?"

ಜಾಗ ಸಾಲದೆ ಉಳಿದವರೆಲ್ಲ ಕಚೇರಿಯ ಪತ್ರಗಳನ್ನು ಅಳಿಸಿ, ಸಾಹೇಬರ ಹೂವುಗಳನ್ನು ಮಾತ್ರ ಉಳಿಸಿಕೊಂಡಿದ್ದರು.

ರಾಯರು ಸುಮ್ಮನಿರಬಹುದಿತ್ತು. "ನನ್ನ ಹತ್ರ ಇದೆ ಸಾರ್" ಅಂದುಬಿಟ್ಟರು.

ಒಂದೇ ನಿಮಿಷದಲ್ಲಿ ನಕ್ಷೆ ಸಿಕ್ಕಿತು. ವಾಲ್ವು ಕ್ಷೌರದಂಗಡಿಯ ಮೆಟ್ಟಿಲ ಕೆಳಗಿತ್ತು. ನೀರು ನಿಂತಿತು. ಸಾಹೇಬರು ರಾಯರನ್ನು ತಬ್ಬಿಕೊಂಡು, ತಮ್ಮ ಕೋಣೆಗೆ ಹೋಗಿ ಯಾರಿಗೋ ಫೋನಿನಲ್ಲಿ ಜೋರಾಗಿ ಹೇಳತೊಡಗಿದರು.

ನಾಲ್ಕೂ ನಲವತ್ತಕ್ಕೆ ಮೇಲು ಬಂತು. ರಾಯರು ತೆರೆದರು.

'ತಮ್ಮ ಕಚೇರಿಯ ಹನ್ನೊಂದು ವರ್ಷಗಳ ಪತ್ರವ್ಯವಹಾರವು ತಮ್ಮೊಬ್ಬರ ಬಳಿ ಮಾತ್ರ ಇರುವುದಾಗಿ ಮೇಲಧಿಕಾರಿಗಳು ಈಗಷ್ಟೇ ತಿಳಿಸಿರುತ್ತಾರೆ. ಆದಕಾರಣ ತಮ್ಮ ವರ್ಗಾವಣೆಯನ್ನು ರದ್ದುಪಡಿಸಿ, ತಮ್ಮನ್ನು ಅಲ್ಲಿಯೇ ದಾಖಲೆಗಳ ಪಾಲಕರನ್ನಾಗಿ ನೇಮಿಸಿದೆ. ಆಕ್ಷೇಪಣೆ ಇದ್ದಲ್ಲಿ ಐದು ಗಂಟೆಯೊಳಗೆ ಮೇಲ್ ಮೂಲಕವೇ ಸಲ್ಲಿಸತಕ್ಕದ್ದು.'

"ನಾನೇ ಹೇಳಿದ್ದು ಕಣ್ರೀ" ಎಂದು ಸಾಹೇಬರು ಹಿಂದೆ ನಿಂತು ಬೀಗಿದರು. "ನಿಮ್ಮಂಥೋರನ್ನ ಬಿಟ್ಟುಕೊಡೋಕಾಗುತ್ತಾ?" ಆಮೇಲೆ ಎಲ್ಲರತ್ತ ತಿರುಗಿದರು. "ಇನ್ಮೇಲೆ ನಿಮ್ಮೆಲ್ಲರ ಹಳೇ ಮೇಲೂ ಇವರ ಹತ್ರ ಜೋಪಾನವಾಗಿರ್ಲಿ. ಈಗ್ಲೇ ಕಳಿಸಿಬಿಡಿ."

ಎಲ್ಲರಿಗೂ ಖುಷಿಯೋ ಖುಷಿ.

ರಾಯರು ಅದಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಕೀಲಿಮಣೆಯ ಮೇಲೆ ಬಗ್ಗಿ, ದಾಖಲೆಗಳನ್ನೆಲ್ಲ ಕಂಪ್ಯೂಟರ್ ಸಮೇತ ಇಲ್ಲೇ ಬಿಟ್ಟುಹೋಗುವೆನೆಂದೂ, ಮನೆಗೆ ಹೋಗಲು ಬಿಡಬೇಕೆಂದೂ ಹೊಟ್ಟೆಯೊಳಗಿನದನ್ನೆಲ್ಲ ಬರೆದರು. ಐದಕ್ಕೆ ಎರಡು ನಿಮಿಷವಿರುವಾಗ ಕಳಿಸುವ ಗುಂಡಿ ಒತ್ತಿದರು.

'ನಿಮ್ಮ ಮೇಲ್‌ಬಾಕ್ಸ್ ತುಂಬಿದೆ. ನಿಮ್ಮ ಸಂದೇಶ ಹೋಗಿಲ್ಲ.'

ಹದಿಮೂರು ಮಂದಿಯ ಹನ್ನೊಂದು ವರ್ಷದ ಗುಲಾಬಿ, ದಾಸವಾಳ, ಸೂರ್ಯಕಾಂತಿಗಳು ಸಾಲುಗಟ್ಟಿ ಬಂದು ಕೂತಿದ್ದವು.

ಗಡಿಯಾರ ಐದು ಹೊಡೆಯಿತು. ರಾಯರು ಮನೆಗೆ ಫೋನು ಮಾಡಿದರು. ಮಗಳೇ ಎತ್ತಿಕೊಂಡಳು.

"ಬಂದ್ಬಿಡ್ತೀಯಾ ಅಪ್ಪ?"

ರಾಯರು ಬೂಟಿನ ದಾರ ಸಡಿಲಿಸಿದರು. "ಚಪ್ಪಲಿ ಅಲ್ಲೇ ಇರ್ಲಿ ಪುಟ್ಟಿ" ಅಂದರು.