ಕ್ಷಮಾಪಣೆಯ ಡಬ್ಬಿ

ಕುವಾಬಾರಾ ಸೈಕಲ್ ಬೆಲ್ ಹೊಡೆದೇಬಿಟ್ಟ. ತಡವಾಗಿತ್ತು, ಹೆಬ್ಬೆರಳು ಅವನ ಮಾತು ಕೇಳಲಿಲ್ಲ, ಅಷ್ಟೇ. ಆದರೆ ಆ ಹೊಳೆದಂಡೆಯ ದಾರಿಯಲ್ಲಿ ನಡೆಯುವವರ ಬೆನ್ನಿಗೆ ಬೆಲ್ ಹೊಡೆಯುವುದೆಂದರೆ "ಸರಿಯಾಚೆ" ಎಂದು ಗದರಿದ ಹಾಗೆ. ಮರ್ಯಾದಸ್ಥರು ಸೈಕಲ್ಲಿಂದಿಳಿದು, "ಕ್ಷಮಿಸಿ" ಎಂದು ತಳ್ಳಿಕೊಂಡು ಹೋಗುತ್ತಾರೆ. ಸಾಲದ್ದಕ್ಕೆ ಆ ತಿಂಗಳು ಬೀದಿ ಸಂಘದ ಸಂಚಾರ ಶಿಸ್ತಿನ ಪಾಳಿ ಅವನದೇ. ತೋಳಿಗೆ ಹಳದಿ ಪಟ್ಟಿ ಕಟ್ಟಿಕೊಂಡು, ಬೀದಿ ಮೂಲೆಯಲ್ಲಿ ವಾಹನ ತಡೆಯುವ ಬಾವುಟ ಹಿಡಿಯಲು ಹೊರಟಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಮುಂದೆ ಹೋಗುತ್ತಿದ್ದ ನಿಶಿಗಾಕಿ ಅಜ್ಜಿ ದಾರಿಯಂಚಿಗೆ ಸರಿದು, ಇತ್ತ ತಿರುಗಿ, ಸೊಂಟ ಮುರಿಯುವಷ್ಟು ಬಾಗಿದರು. ಕುವಾಬಾರಾನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಲೆ ತಗ್ಗಿಸಿ ಸೈಕಲ್ ತುಳಿದುಕೊಂಡು ಹೋದ.

ಮೂಲೆಯಲ್ಲಿ ಎದುರುಮನೆಯ ತೊಬಿತಾ ನಾಯಿ ಹಿಡಿದು ನಿಂತಿದ್ದಳು.

"ಏನ್ರೀ, ಪಾಳಿಯವರೇ ಬೆಲ್ ಹೊಡೆಯೋದಾ? ಅದೂ ಅಂಥಾ ವಯಸ್ಸಾದವ್ರಿಗೆ!"

"ದಯವಿಟ್ಟು ಯಾರಿಗೂ ಹೇಳ್ಬೇಡಿ."

"ನಾನ್ಯಾಕೆ ಹೇಳ್ಲಿ? ಅಜ್ಜಿ ಹೇಳಿದ್ರೆ? ಒಂದು ಡಬ್ಬಿ ಸಿಹಿ ತಗೊಂಡು ಹೋಗಿ, ಬಗ್ಗಿ ತಪ್ಪಾಯ್ತು ಅನ್ನಿ. ಅಲ್ಲಿಗೆ ಮುಗೀತು."

ಸಿಹಿಯಂಗಡಿಯವನು ಯಾತಕ್ಕೆಂದು ಕೇಳಿದ. ಕುವಾಬಾರಾ ಪಿಸುಗುಟ್ಟಿದ. ಅಂಗಡಿಯವನು ಒಳಗೆ ಕೂಗಿದ: "ಕ್ಷಮಾಪಣೆ ಡಬ್ಬಿ ಒಂದು! ತಪ್ಪು ದೊಡ್ಡದಾ ಸಾರ್, ಚಿಕ್ಕದಾ?"

ಗಿರಾಕಿಗಳೆಲ್ಲ ತಿರುಗಿದರು.

"ಮಧ್ಯಮ," ಎಂದ ಕುವಾಬಾರಾ, ಕಿವಿಯವರೆಗೂ ಕೆಂಪಾಗಿ.

ಅಜ್ಜಿಯ ಹೊಸಿಲಲ್ಲಿ ಬಾಗಿ ತಪ್ಪೊಪ್ಪಿಕೊಂಡರೆ, ಅವರು ಕಿವಿಗೆ ಕೈ ಹಿಡಿದು "ಏನಂದ್ರಿ?" ಎಂದರು. ಹತ್ತಿರ ಹೋಗಿ, ಕಿವಿಯಲ್ಲೇ ಕಿರುಚಬೇಕಾಯಿತು.

"ಬೆಲ್ ಹೊಡೆದ್ರಾ? ನಂಗೆ ಗುಡುಗಿದ್ರೂ ಕೇಳ್ಸಲ್ಲ ಕಣಪ್ಪ. ದಾರಿಯಾಚೆ ಕಲ್ಲುದೇವ್ರಿಗೆ ಬಗ್ಗಿದ್ದೆ. ನಡುವೆ ಹಾದುಹೋದೋರು ನೀವಾ?" ಅಜ್ಜಿಯ ಮುಖ ಬಿಳುಪೇರಿತು. "ಅಯ್ಯೋ, ಪಾಳಿಯವರ ದಾರಿಗೇ ಅಡ್ಡ ನಿಂತ್ನಾ! ಬೀದಿಯವ್ರಿಗೆ ಹೇಗೆ ಮುಖ ತೋರಿಸ್ಲಿ?"

"ಬಿಟ್ಬಿಡಿ ಅಜ್ಜಿ, ನಿಮ್ಮ ಕಾಲಿಗೆ ಬೀಳ್ತೀನಿ!"

ಅದು ಅವರಿಗೆ ಕೇಳಿಸಲಿಲ್ಲ.

ಸಂಜೆ ಬೀದಿಯಲ್ಲಿ ದೊಡ್ಡ ದನಿ ಎದ್ದಿತು. ಕುವಾಬಾರಾ ಇಣುಕಿದ. ಅಜ್ಜಿ ಒಳ್ಳೆಯ ಕಿಮೋನೊ ಉಟ್ಟು, ಮನೆಮನೆಗೂ ಒಂದೊಂದು ಡಬ್ಬಿ ಕೊಡುತ್ತ ಬರುತ್ತಿದ್ದರು. ಕಿವಿ ಕೇಳದವರಿಗೆ ತಮ್ಮ ದನಿಯ ಅಂದಾಜು ಎಲ್ಲಿಯದು?

"ಕುವಾಬಾರಾ ಅವ್ರು ಬೆಲ್ ಹೊಡೆದ್ರೂ ನಾನು ಸರೀಲಿಲ್ಲ! ತಪ್ಪು ನಂದೇ! ಕ್ಷಮಿಸ್ಬೇಕು!"

ಒಂದೊಂದೇ ಕಿಟಕಿ ತೆರೆದುಕೊಂಡಿತು. ಸಂಘದ ಅಧ್ಯಕ್ಷರದೂ. ಕೊನೆಗೆ ಅಜ್ಜಿ ಅವನ ಬಾಗಿಲಿಗೆ ಬಂದು, ಎಲ್ಲಕ್ಕಿಂತ ದೊಡ್ಡ ಡಬ್ಬಿ ಮುಂದಿಟ್ಟು, ನೆಲ ಮುಟ್ಟುವಂತೆ ಬಾಗಿದರು. ನಾಚಿಕೆಯಿಂದ ಕುಗ್ಗಿಹೋಗಿದ್ದ ಕುವಾಬಾರಾನೂ ಬಾಗಿದ.

ಎದುರುಮನೆಯಿಂದ ತೊಬಿತಾ ಕೂಗಿದಳು: "ಇನ್ನೂ ಬಗ್ಗಿ ಕುವಾಬಾರಾ ಅವರೇ, ಸಾಲ್ದು!"