ಬಿಳಿಯ ಹತ್ತು ರೂಬಲ್: ಉಪಸಮಿತಿಯ ಸರ್ವಾನುಮತದ ವರದಿ

ಕತಾರಿನಲ್ಲಿ ರಷ್ಯದ ಚಲಾವಣೆ ನಾಣ್ಯಗಳನ್ನು ಸಂಗ್ರಹಿಸುವ ಕನ್ನಡಿಗರು ಒಟ್ಟು ಮೂವತ್ತೊಂಬತ್ತು ಮಂದಿ. ಅವರಲ್ಲಿ ಇಪ್ಪತ್ತೇಳು ಮಂದಿ ನಮ್ಮ ಸಂಘದ ಪದಾಧಿಕಾರಿಗಳು. ಉಳಿದ ಹನ್ನೆರಡು ಮಂದಿಯನ್ನು ಸದಸ್ಯರೆಂದು ಕರೆಯುವುದು ರೂಢಿ. ನಾನು ಜಂಟಿ ಕಾರ್ಯದರ್ಶಿ. ನಡಾವಳಿ ಬರೆಯುವ ಹೊಣೆ ನನ್ನದಾದ್ದರಿಂದ ಇಲ್ಲಿ ಹೇಳುವುದೆಲ್ಲ ದಾಖಲೆಯಲ್ಲಿದೆ.

ಆ ಹನ್ನೆರಡರಲ್ಲಿ ಒಬ್ಬರು ತಾರಾನಾಥರು. ಊರು ಕಾರ್ಕಳದ ಕಡೆ, ಕೆಲಸ ಹಮದ್ ಬಂದರಿನಲ್ಲಿ, ಮನೆ ಬಿನ್ ಒಮ್ರಾನಿನಲ್ಲಿ. ಹಡಗಿನವರ ಜೇಬಿನಲ್ಲಿ ಉಳಿದ ಚಿಲ್ಲರೆಯನ್ನು ಕಾಡಿ ಬೇಡಿ ತಂದು, ಒಂದೊಂದಕ್ಕೂ ಆಯಸ್ಕಾಂತ ಹಿಡಿದು ನೋಡುವ ಮನುಷ್ಯ. ಅದಕ್ಕೆ ಕಾರಣವಿದೆ. 2009ರಲ್ಲಿ ರಷ್ಯದ ಎರಡು ರೂಬಲ್ ನಾಣ್ಯ ಮಿಶ್ರಲೋಹದಿಂದ ನಿಕಲ್ ಲೇಪಿಸಿದ ಉಕ್ಕಿಗೆ ಬದಲಾಯಿತು. ನೋಡಲು ಎರಡೂ ಒಂದೇ. ಉಕ್ಕಿನದು ಆಯಸ್ಕಾಂತಕ್ಕೆ ಅಂಟುತ್ತದೆ, ಮಿಶ್ರಲೋಹದ್ದು ಅಂಟುವುದಿಲ್ಲ. 2009 ಎಂದು ಅಚ್ಚಾಗಿದ್ದೂ ಅಂಟದಿರುವ ಅಪರೂಪದ ಒಂದು ನಾಣ್ಯ, ನಾಲ್ಕು ವರ್ಷ ಹುಡುಕಿದ ಮೇಲೆ ತಾರಾನಾಥರಿಗೆ ಸಿಕ್ಕಿತ್ತು. ಅದು ಸಂಘದ ‘ಅಪರೂಪ ವಹಿ’ಯಲ್ಲಿ ದಾಖಲಾಗಬೇಕೆಂಬುದು ಅವರಿಗಿದ್ದ ಒಂದೇ ಆಸೆ.

ಅವರ ಅರ್ಜಿಯನ್ನು ಮೂರು ಸಲ ತಿರಸ್ಕರಿಸಿದ್ದೆವು. ಯಾರ ಮೇಲೂ ದ್ವೇಷವಿಲ್ಲ; ನಿಯಮ 9(ಇ) ಸ್ಪಷ್ಟವಾಗಿದೆ: ‘ನಾಣ್ಯದ ಅಪರೂಪತೆಯು ವೇದಿಕೆಯ ಮೇಲಿರುವ ಮುಖ್ಯ ಅತಿಥಿಗಳಿಗೆ ಕನ್ನಡಕವಿಲ್ಲದೆ ಕಾಣತಕ್ಕದ್ದು.’

ನಾಲ್ಕನೆಯ ಅರ್ಜಿಯೊಂದಿಗೆ ಬಂದ ದಿನ ಅವರು ಇನ್ನೊಂದು ನಾಣ್ಯವನ್ನೂ ತಂದಿದ್ದರು. ಮನೆಯ ದೇವರ ತಟ್ಟೆಯಲ್ಲಿದ್ದ ಹತ್ತು ರೂಬಲ್. ಉಕ್ಕಿನ ಮೇಲೆ ಹಿತ್ತಾಳೆ ಲೇಪಿಸಿದ ಈ ನಾಣ್ಯ ಹೊಂಬಣ್ಣದ್ದಾಗಿರಬೇಕು. ಇದು ಬಿಳಿಯಾಗಿತ್ತು. “ಇದು ಹೀಗೆ ಯಾಕೆ ಅಂತ ಗೊತ್ತಾಗ್ಲಿಲ್ಲ,” ಎಂದರು.

ಲೇಪನ ಉಪಸಮಿತಿಯ ಅಧ್ಯಕ್ಷರಾದ ಫಕೀರಪ್ಪನವರು ಗದಗಿನವರು. ಗ್ಯಾಸ್ ಕಂಪನಿಯೊಂದರಲ್ಲಿ ಪೈಪುಗಳ ಪೇಂಟು ಪರೀಕ್ಷಿಸುವವರಾದ್ದರಿಂದ ಜಗತ್ತಿನ ಎಲ್ಲ ಲೇಪನಗಳೂ ಅವರ ವ್ಯಾಪ್ತಿಗೆ ಬರುತ್ತವೆ. ಅವರು ಆಯಸ್ಕಾಂತ ಹಿಡಿದರು.

“ಅಂಟತೈತಿ. ಅಂದ್ರ ಒಳಗ ಉಕ್ಕು. ಮ್ಯಾಲ ಬೆಳ್ಳಗೈತಿ. ಅಂದ್ರ ನಿಕಲ್. ಟಂಕಸಾಲ್ಯಾಗ ಹಿತ್ತಾಳಿ ಬಿಟ್ಟು ನಿಕಲ್ ಬಡದಾರ್ರೀ. ಖಲಾಸ್!”

ಎಂಟು ನಿಮಿಷದಲ್ಲಿ ವರದಿ ಸಿದ್ಧವಾಯಿತು, ಒಂಬತ್ತನೆಯ ನಿಮಿಷದಲ್ಲಿ ಅಂಗೀಕಾರ. ಎರಡು ರೂಬಲ್ಲಿನ ಅರ್ಜಿಯನ್ನು ಸಮಯಾಭಾವದಿಂದ ಮುಂದೂಡಿದೆವು. ವಾಟ್ಸಾಪ್ ಗುಂಪಿನಲ್ಲಿ ಪ್ರಕಟಣೆ ಹೊರಟಿತು: ‘ಜಗತ್ತಿನ ಏಕೈಕ ಬಿಳಿ ಹತ್ತು ರೂಬಲ್ ಶೋಧಿಸಿದ ಶ್ರೀ ತಾರಾನಾಥರಿಗೆ ವಾರ್ಷಿಕೋತ್ಸವದಲ್ಲಿ ಸನ್ಮಾನ. ಊಟವಿದೆ.’

ಅದನ್ನು ಓದಿದ ಅವರ ಹೆಂಡತಿ ಭವ್ಯಶ್ರೀ ಹಣೆ ಚಚ್ಚಿಕೊಂಡರಂತೆ.

“ಅಯ್ಯೋ ದೇವರೇ, ಮೂರು ವರ್ಷದಿಂದ ಪ್ರತಿ ಶುಕ್ರವಾರ ದೀಪದ ಒಟ್ಟಿಗೆ ಅದನ್ನೂ ಹುಣಸೆಹುಳಿ ಹಾಕಿ ತಿಕ್ಕಿದ್ದು ನಾನಲ್ವಾ? ಬಣ್ಣ ಹೋಯ್ತು. ಹೇಳಿದ್ರೆ ನೀವು ಬೈತೀರಿ ಅಂತ ಸುಮ್ಮನಿದ್ದೆ.”

ತಾರಾನಾಥರಿಗೆ ನಾಚಿಕೆಯಾಯಿತು. ಅಬು ಹಮೂರಿಗೆ ಹೋಗಿ ಸಂಘದ ಅಧ್ಯಕ್ಷ ಲ್ಯಾನ್ಸ್‌ಲಾಟರ ಮನೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. “ಅದನ್ನು ಬಿಡಿ ಪ್ರೆಸಿಡೆಂಟ್ರೆ, ನನ್ನ ಎರಡು ರೂಬಲ್ ಒಂದು ನೋಡಿ.” ನಾನೂ ಅಲ್ಲಿದ್ದೆ.

“ಮಾರಾಯ್ರೆ, ಶಾಲು ಬಂದಾಗಿದೆ,” ಎಂದರು ಲ್ಯಾನ್ಸ್‌ಲಾಟ್. “ಮೊಮೆಂಟೋದಲ್ಲಿ ನಿಮ್ಮ ಹೆಸರು ಕೊರೆದಾಗಿದೆ. ಈಗ ಸ್ಪಾನ್ಸರ್‌ನವರ ಹತ್ರ ಎಂತ ಹೇಳುವುದು?”

ಫಕೀರಪ್ಪನವರನ್ನು ಫೋನಿನಲ್ಲಿ ಕೇಳಿದೆವು. ವಿಜ್ಞಾನದ ವಿಷಯದಲ್ಲಿ ಅವರು ನೇರ ಮನುಷ್ಯ. “ಹುಣಸಿಹಣ್ಣಿಗೆ ಹಿತ್ತಾಳಿ ಹೋಗಿ ಒಳಗಿನ ಉಕ್ಕು ಕಾಣತೈತ್ರೀ, ಇಲ್ಲನ್ನಂಗಿಲ್ಲ. ಆದ್ರ ವರದಿ ಕೊಟ್ಟಾಗೇತಿ. ಕೊಟ್ಟ ವರದಿ ತಪ್ಪಿರಂಗಿಲ್ಲ.”

ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿದ ಮೇಲೆ ಎರಡು ಮಾತಾಡಲು ಹೇಳಿದಾಗ ತಾರಾನಾಥರು ಮೈಕ್ ಹಿಡಿದು, “ಇದು ನನ್ನ ಹೆಂಡತಿ ಹುಣಸೆಹುಳಿ ಹಾಕಿ ತಿಕ್ಕಿದ ನಾಣ್ಯ,” ಎಂದರು. ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಇಂಥ ವಿನಯ ಈ ಕಾಲದಲ್ಲಿ ಎಲ್ಲಿದೆ, ಹೆಂಡತಿಯನ್ನು ವೇದಿಕೆಯಲ್ಲಿ ನೆನೆಯುವ ಗಂಡಂದಿರು ಎಷ್ಟು ಮಂದಿ ಎಂದು ಮುಖ್ಯ ಅತಿಥಿಗಳು ಕಣ್ಣೊರೆಸಿಕೊಂಡರು. ಕನ್ನಡಕ ಹಾಕಿರಲಿಲ್ಲ.

ಆದರೂ ಸತ್ಯ ಸಭೆಯಲ್ಲಿ ಹೇಳಿ ಆಗಿತ್ತು, ಅದನ್ನು ಕ್ರಮಬದ್ಧಗೊಳಿಸಲೇಬೇಕಾಯಿತು. ಮುಂದಿನ ವಾರ ನಿಯಮ 9(ಈ) ಸೇರಿಸಿದೆವು: ‘ಸಂಗ್ರಾಹಕರ ಕುಟುಂಬದ ಪರಿಶ್ರಮದಿಂದ ಉಂಟಾದ ಲೇಪನ ವ್ಯತ್ಯಾಸವು ಟಂಕಸಾಲೆಯ ವ್ಯತ್ಯಾಸಕ್ಕಿಂತ ಶ್ರೇಷ್ಠವೆಂದು ಭಾವಿಸತಕ್ಕದ್ದು.’ ಫಕೀರಪ್ಪನವರು ಗೌರವ ಸಲಹೆಗಾರರಾದರು. ತೆರವಾದ ಉಪಸಮಿತಿ ಅಧ್ಯಕ್ಷ ಸ್ಥಾನಕ್ಕೆ ತಾರಾನಾಥರು ಅವಿರೋಧವಾಗಿ ಆಯ್ಕೆಯಾದರು. ಮೊದಲು ಬೇಡವೆಂದರು. ಅವರ ಹೆಸರಿನ ನಾಮಫಲಕ ತೋರಿಸಿದ ಮೇಲೆ ಒಪ್ಪಿದರು.

ಅವರ ಅಧ್ಯಕ್ಷತೆಯ ಮೊದಲ ಸಭೆಯಲ್ಲಿ ಮೊದಲ ಕಡತ, ಮುಂದೂಡಿದ್ದ ಅವರದೇ ಎರಡು ರೂಬಲ್ ಅರ್ಜಿ. ಬೇಕಿದ್ದರೆ ಬೇರೆಯವರು ನೋಡಲಿ ಎಂದೆ. “ನಿಯಮ ಎಲ್ಲರಿಗೂ ಒಂದೇ,” ಎಂದರು. ಆಯಸ್ಕಾಂತ ಹಿಡಿದರು. ಅಂಟಲಿಲ್ಲ. ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು ತುಂಬಾ ಹೊತ್ತು ನೋಡಿದರು. ನಡಾವಳಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಆಮೇಲೆ ಪೆನ್ನು ತೆಗೆದು ಚೆಂದದ ಅಕ್ಷರದಲ್ಲಿ ಬರೆದರು: ‘ನಾಣ್ಯ ಅಸಲಿ. ಕುಟುಂಬದ ಪರಿಶ್ರಮ ಕಂಡುಬರುವುದಿಲ್ಲ. ತಿರಸ್ಕರಿಸಲಾಗಿದೆ.’ ಅಧ್ಯಕ್ಷರಾಗಿ ಒಂದು ಸಹಿ ಹಾಕಿದರು, ಅರ್ಜಿದಾರರಾಗಿ ಪ್ರತಿ ತಲುಪಿದ್ದಕ್ಕೆ ಇನ್ನೊಂದು.