ಸತ್ತ ಹೆಡ್‌ಮಾಸ್ತರರ ಚಹಾ

ಮೂಡಲಗಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನನಗೆ ಸಿನಿಮಾ ತೂಗಿ ನೋಡುವ ವಿದ್ಯೆ ಹುಟ್ಟಿನಿಂದಲೇ ಬಂದಿದೆ ಎಂದು ನಂಬಿದ್ದೆ. ಮಂತ್ರವಿದ್ಯೆಯ ಶಾಲೆಯೊಂದರ ಕಥೆಯ ಎರಡನೆಯ ಭಾಗ ಗೋಕಾಕಕ್ಕೆ ಬಂದಾಗ, ಒಂಬತ್ತನೆಯ ತರಗತಿಯವರು ನೋಡಲೇಬೇಕೆಂದು ಹಟ ಹಿಡಿದರು.

"ಟೀಚರ್, ಮೊದಲ ನೀವು ನೋಡಿ ಬರ್ರಿ. ಚಲೋ ಐತಿ ಅಂದ್ರ ಬಸ್ ಮಾಡೂಣು," ಎಂದರು ಹೆಡ್‌ಮಾಸ್ತರರು.

ನ್ಯಾಯಾಧೀಶೆಯ ಗತ್ತಿನಲ್ಲಿ ಯಜಮಾನರನ್ನು ಕರೆದುಕೊಂಡು ಹೋದೆ.

ಮೊದಲ ಭಾಗದ ಕೊನೆಯಲ್ಲಿ ಮಂತ್ರಶಾಲೆಯ ಮುದಿ ಹೆಡ್‌ಮಾಸ್ತರ ಮಕ್ಕಳಿಗಾಗಿ ಪ್ರಾಣ ಬಿಟ್ಟಿದ್ದ. ಆವತ್ತು ಅತ್ತು ಅತ್ತು ನನಗೆ ಊಟ ಸೇರಿರಲಿಲ್ಲ. ಈಗ ನೋಡಿದರೆ ಅದೇ ಮನುಷ್ಯ ಆರಾಮಾಗಿ ಚಹಾ ಕುಡಿಯುತ್ತಿದ್ದಾನೆ! ನೆತ್ತಿ ಬಿಸಿಯಾಯಿತು. ಇಂಟರ್ವಲ್ ತನಕ ಹಲ್ಲು ಕಚ್ಚಿ ಕೂತು ಎದ್ದುಬಿಟ್ಟೆ.

"ಇನ್ನೂ ಅರ್ಧಾ ಐತಿ," ಎಂದರು ಯಜಮಾನರು. ಕೈಯಲ್ಲಿ ಆಗಷ್ಟೇ ಕೊಂಡ ಮಿರ್ಚಿ ಭಜಿ.

"ನಾ ಅತ್ತಿದ್ದು ಪುಕ್ಕಟೆ ಏನ್ರಿ? ಸತ್ತಾಂವ ಚಹಾ ಕುಡಿಯೂದ ನೋಡಾಕ ನಾ ಕುಂಡ್ರಂಗಿಲ್ಲ. ನಡೀರಿ."

ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಕೂತರು. ಭಜಿಯನ್ನೂ ಕೊಡಲಿಲ್ಲ.

ಮರುದಿನ, "ತಲಿಬುಡ ಇಲ್ಲದ ಸಿನಿಮಾ ರಿ ಸರ್," ಎಂದು ತೀರ್ಪು ಕೊಟ್ಟೆ. ಹೆಡ್‌ಮಾಸ್ತರರು ಮೊದಲೇ ಕೇಳಿಟ್ಟಿದ್ದ ಬಸ್ಸಿನವನಿಗೆ ಬೇಡವೆಂದು ಫೋನ್ ಮಾಡಿದರು. ತರಗತಿಗೆ ಹೋಗಿ ಸಿನಿಮಾದ ಅಪರಾಧವನ್ನು ಸವಿಸ್ತಾರವಾಗಿ ವಿವರಿಸಿದೆ. ತುಕ್ಕಾನಟ್ಟಿಯ ಭಾರತಿ, ಮಾವನ ಜೊತೆ ಅದನ್ನು ಆಗಲೇ ನೋಡಿದ್ದವಳು, ಎದ್ದು ನಿಂತಳು.

"ಟೀಚರ್, ಅದು ಅವರು ಸಾಯೂಕಿಂತ ಮೊದಲಿನ ಕಥಿ ರಿ. ಇಂಟರ್ವಲ್ ಆದಮ್ಯಾಲ ಹೇಳ್ತಾರ್ರಿ."

"ಕುಂಡ್ರ ನೀ. ನನಗ ಕಲಸಾಕ ಬರಬ್ಯಾಡ," ಎಂದು ಗದರಿದೆ.

ಸಂಜೆ ಮತ್ತೆ ಗೋಕಾಕಕ್ಕೆ ಹೋದೆ, ಒಬ್ಬಳೇ. ಯಜಮಾನರು ಬರಲು ಒಪ್ಪಲಿಲ್ಲ. ಭಾರತಿ ಹೇಳಿದ್ದು ನಿಜವಾಗಿತ್ತು. ಸಾಲದ್ದಕ್ಕೆ ಸಿನಿಮಾ ಚೆನ್ನಾಗಿಯೂ ಇತ್ತು! ಕೊನೆಯಲ್ಲಿ ಗೊಳೋ ಎಂದು ಅತ್ತೆ. ಅತ್ತಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಬೆಳಿಗ್ಗೆ ಹೆಡ್‌ಮಾಸ್ತರರ ಮುಂದೆ ನಿಂತು, "ಸಿನಿಮಾ ಚಲೋ ಐತ್ರಿ ಸರ್," ಎಂದೆ. ಅವರ ಮುಖ ಕೆಂಪಗಾಯಿತು.

"ನಿನ್ನೆ ಕೆಟ್ಟದ್ದು, ಇವತ್ತ ಚಲೋದು? ಬಸ್ಸಿನಾಂವ ಬ್ಯಾರೆ ಕಡೆ ಒಪ್ಪಿಕೊಂಡಾನ. ನಾಳೆ ಟಾಕೀಜಿನಿಂದ ಆ ಸಿನಿಮಾನೂ ತಗೀತಾರ. ಮಕ್ಕಳಿಗೆ ನೀವ ಹೋಗಿ ಹೇಳ್ರಿ."

ಹೇಳಿದೆ. ಇಡೀ ತರಗತಿ ನನ್ನನ್ನು ಕೆಕ್ಕರಿಸಿ ನೋಡಿತು. ಭಾರತಿ ಕೈ ಎತ್ತಿದಳು.

"ಟೀಚರ್, ನಮ್ಮ ಪರೀಕ್ಷಾ ಪೇಪರ್ ಆದ್ರೂ ಕಡೀತನಕ ಓದ್ತೀರಲ್ರಿ?"

ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯದೆ, ಬೆನ್ನು ತಿರುಗಿಸಿ ಕರಿಹಲಗೆಯನ್ನು ಜೋರಾಗಿ ಒರೆಸತೊಡಗಿದೆ. ಅದರ ಮೇಲೆ ಏನೂ ಬರೆದಿರಲಿಲ್ಲ.